ಏಳೂವರೆಯ ನೀರು

ಬೇಸಿಗೆ ಮುಗಿಯುತ್ತ ಬಂದಿತ್ತು. ಗಾಳಿ ಇನ್ನೂ ಒಣಗಾಳಿಯೇ, ಆದರೆ ಸಂಜೆ ಹೊತ್ತಿಗೆ ಕಡಲ ಕಡೆಯಿಂದ ಬರುವಾಗ ಅದರ ಬೆನ್ನಿಗೆ ಒಂಚೂರು ತೇವ ಅಂಟಿಕೊಂಡಿರುತ್ತಿತ್ತು. ಇನ್ನು ನಾಲ್ಕು ವಾರ, ಹೆಚ್ಚೆಂದರೆ ಐದು. ಆಮೇಲೆ ಮಳೆ ಬಿತ್ತೆಂದರೆ ಪಾತಿಯಲ್ಲಿ ಕೂತ ಉಪ್ಪೆಲ್ಲ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಹಾಗಾಗಿ ಉಪ್ಪಿನ ಗದ್ದೆಗೆ ಎಲ್ಲರೂ ಬೆಳಕು ಹರಿಯುವ ಮೊದಲೇ ಇಳಿಯುತ್ತಿದ್ದರು. ಗಂಡಸರು ತೂಬು ನೋಡಿಕೊಳ್ಳುತ್ತಿದ್ದರು, ಹೆಂಗಸರು ಗೋರೆ ಹಿಡಿದು ಉಪ್ಪನ್ನು ಬದುವಿನ ಕಡೆಗೆ ಎಳೆಯುತ್ತಿದ್ದರು. ಗೋರೆ ಎಳೆಯುವಾಗ ನೆಲ ಸಿಗಬಾರದು, ಉಪ್ಪೂ ಉಳಿಯಬಾರದು. ಆ ಕೈ ಬರುವುದಕ್ಕೆ ನಾಲ್ಕೈದು ಬೇಸಿಗೆ ಬೇಕು.

ಮಗಳಿಗೆ ಆ ಕೆಲಸವಿಲ್ಲ. ಅವಳಿಗೆ ಬಿಸಿಲು ಕೂಡದು, ದಣಿವು ಕೂಡದು, ಚಳಿ ಕೂಡದು. ಚಪ್ಪರದ ನೆರಳಿನಲ್ಲಿ ಕೂತು ಚೀಲದ ಬಾಯಿ ಹೊಲಿಯುವುದು ಅವಳ ಕೆಲಸ. ಹದಿನಾರಕ್ಕೆ ಹಿಡಿದ ದಬ್ಬಳವನ್ನು ಇಪ್ಪತ್ತನಾಲ್ಕಾದರೂ ಕೆಳಗಿಟ್ಟಿರಲಿಲ್ಲ. ಗದ್ದೆಯವರು ಅವಳನ್ನು ಕರೆಯುವುದೂ ದಬ್ಬಳ ಎಂದೇ. ಅದು ಕೈಯಲ್ಲಿರುವುದಕ್ಕೋ ಬಾಯಲ್ಲಿರುವುದಕ್ಕೋ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತಿದ್ದರು.

ಅವಳ ಪಕ್ಕದಲ್ಲಿ ಒಂದು ಕೊಡ, ಒಂದು ಲೋಟ. ಹತ್ತು ಚೀಲಕ್ಕೆ ಒಂದು ಲೋಟ ನೀರು. ಇದು ತಾಯಿ ಮಾಡಿದ ಕಾನೂನು. ಗೋರೆ ಬದುವಿಗೆ ಒರಗಿಸಿ, ಕಾಲಿನ ಉಪ್ಪುಕೆಸರು ಕೊಡವಿಕೊಂಡು, ತಾಯಿಯೇ ಮೇಲೆ ಹತ್ತಿ ಬರುತ್ತಿದ್ದಳು.

"ಹತ್ತಾಯ್ತಾ?"

"ಒಂಬತ್ತು."

"ಸುಳ್ಳು ಹೇಳ್ಬೇಡ, ಅಲ್ಲಿ ಹನ್ನೊಂದಿದೆ."

"ಎಣಿಸೋಕೆ ಬರುತ್ತಲ್ಲ, ಮತ್ತೆ ಯಾಕೆ ಕೇಳ್ತೀಯ?"

"ಕುಡಿ."

ಕುಡಿದು ಮುಗಿಸುವವರೆಗೆ ತಾಯಿ ನಿಂತಿರುತ್ತಿದ್ದಳು. ಲೋಟ ಬೋರಲು ಹಾಕಿ ತೋರಿಸಿದ ಮೇಲೆ ಕೆಳಗಿಳಿಯುತ್ತಿದ್ದಳು.

ಮಗಳಿಗೆ ಆರು ವರ್ಷವಾಗಿದ್ದಾಗ ಪಟ್ಟಣದ ರಕ್ತದ ಡಾಕ್ಟರು ಇದನ್ನು ಹೇಳಿಕೊಟ್ಟಿದ್ದರು. ಎಲ್ಲರ ರಕ್ತದ ಕಣ ಗುಂಡಗೆ, ಮೆತ್ತಗೆ ಇರುತ್ತದಂತೆ. ಇವಳದ್ದು ನೀರು ಕಡಿಮೆಯಾದರೆ, ಚಳಿಯಾದರೆ, ಉಸಿರು ಸಾಲದೇ ಹೋದರೆ ಕುಡುಗೋಲಿನ ಹಾಗೆ ಬಾಗಿ ಗಡುಸಾಗುತ್ತದೆ. ಸಣ್ಣ ನಾಳದಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಆಗ ಕೈಕಾಲು, ಬೆನ್ನು, ಎದೆ ಎಲ್ಲಿ ಬೇಕಾದರೂ ನೋವು. ಸಿಕಲ್ ಸೆಲ್ ಎಂದು ಹೆಸರು. ತಂದೆಯ ರಕ್ತದಲ್ಲಿ ಅರ್ಧ, ತಾಯಿಯ ರಕ್ತದಲ್ಲಿ ಅರ್ಧ ಸುಮ್ಮನೆ ಮಲಗಿತ್ತು, ಮಗಳಲ್ಲಿ ಎರಡೂ ಸೇರಿ ಎದ್ದು ಕೂತಿದೆ ಎಂದಿದ್ದರು. ತಾಯಿಗೆ ಮಿಕ್ಕದ್ದೆಲ್ಲ ಅಷ್ಟಾಗಿ ತಿಳಿಯದಿದ್ದರೂ ನಾಳದ ಮಾತು ತಿಳಿಯಿತು. ತೂಬಿನ ಬಾಯಿಗೆ ಕಡ್ಡಿ ಅಡ್ಡ ಬಿದ್ದರೆ ಹಿಂದಿನ ಕಸವೆಲ್ಲ ಬಂದು ಅಲ್ಲೇ ಕೂರುತ್ತದೆ. ನೀರು ಜೋರಾಗಿ ಬಿಟ್ಟರೆ ಹೋಗುತ್ತದೆ. ಅಷ್ಟೇ ತಾನೆ? ನೀರು ಬಿಡುತ್ತಿದ್ದರಾಯಿತು. ಹದಿನೆಂಟು ವರ್ಷ ಬಿಟ್ಟಳು.

ಆ ದಿನ ಊಟವಾಗಿ ಸ್ವಲ್ಪ ಹೊತ್ತಿಗೆ ಮಗಳು ದಬ್ಬಳ ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತಳು. ತಾಯಿ ಗೋರೆ ಅಲ್ಲೇ ಬಿಟ್ಟು ಓಡಿ ಬಂದಳು. ಬಿಸಿಬಟ್ಟೆ, ಮಾತ್ರೆ, ನೀರು ಎಲ್ಲ ಆಯಿತು. ನೋವು ಇಳಿಯಲಿಲ್ಲ. ಬಲಗಡೆ ಪಕ್ಕೆಲುಬಿನ ಕೆಳಗಿನಿಂದ ಹೊರಟು ಬೆನ್ನಿಗೆ ಹೋಗಿ ಹೆಗಲಲ್ಲಿ ನಿಂತಿತ್ತು.

"ಅಮ್ಮ, ಇದು ನಮ್ಮ ನೋವಲ್ಲ," ಎಂದಳು ಮಗಳು, ಹಲ್ಲು ಕಚ್ಚಿಕೊಂಡು. "ಇದು ಬೇರೆ ಯಾರದ್ದೋ."

"ಯಾವಾಗಿಂದ?"

"ಮೂರು ತಿಂಗಳಾಯ್ತು. ಎಣ್ಣೆಯದ್ದು ತಿಂದಾಗ ಬರುತ್ತೆ, ಹೋಗುತ್ತೆ."

"ಮೂರು ತಿಂಗಳು! ಹೇಳೋಕೆ ಬಾಯಿರಲಿಲ್ವಾ? ಊರಿಗೆಲ್ಲ ಚುಚ್ಚೋಕೆ ಇರುತ್ತೆ."

"ಹೇಳಿದ್ರೆ ನೀನು ಗೋರೆ ಬಿಟ್ಟು ಕೂರ್ತೀಯ. ಈಗ ಕೂತಿಲ್ವಾ?"

*

ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಮಾಡಿದರು. ಪಿತ್ತಕೋಶದ ತುಂಬ ಕಲ್ಲು. ಹದಿನೆಂಟು ವರ್ಷದಿಂದ ನೋಡುತ್ತಿದ್ದ ರಕ್ತದ ಡಾಕ್ಟರಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಇವಳ ರಕ್ತಕಣ ನಮ್ಮದರ ಹಾಗೆ ನಾಲ್ಕು ತಿಂಗಳು ಬಾಳಲ್ಲ. ಎರಡು ಮೂರು ವಾರಕ್ಕೇ ಒಡೆಯುತ್ತೆ. ಒಡೆದದ್ದರ ಹಳದಿ ಎಲ್ಲ ಪಿತ್ತಕೋಶಕ್ಕೆ ಬಂದು ಬಂದು ಗಟ್ಟಿಯಾಗುತ್ತೆ. ಕಣ್ಣು ಹಳದಿ ಇರೋದೂ ಅದಕ್ಕೇ. ಈ ಕಾಯಿಲೆಯವರಲ್ಲಿ ಬೇಕಾದಷ್ಟು ಜನಕ್ಕೆ ಆಗುತ್ತೆ."

"ಮಾತ್ರೆಯಲ್ಲಿ ಕರಗಲ್ವಾ ಸ್ವಾಮಿ?" ಎಂದಳು ತಾಯಿ.

"ಈ ಜಾತಿ ಕಲ್ಲು ಕರಗಲ್ಲಮ್ಮ. ಕೋಶವನ್ನೇ ತೆಗೀಬೇಕು. ಸುಮ್ಮನಿರುವಾಗಲೇ ತೆಗೆಸಿಬಿಡೋಣ. ಕಲ್ಲು ಜಾರಿ ನಾಳಕ್ಕೆ ಸಿಕ್ಕಿ, ಜ್ವರ ಬಂದು, ಆಮೇಲೆ ಅವಸರಕ್ಕೆ ಕೊಯ್ಯೋದು ಇವಳಿಗೆ ಒಳ್ಳೇದಲ್ಲ. ಈಗಾದರೆ ನಾಲ್ಕು ಸಣ್ಣ ತೂತು, ಅಷ್ಟೇ. ಆದರೆ ಮೊದಲು ರಕ್ತ ಕೊಟ್ಟು ಮೇಲೆತ್ತಬೇಕು. ಹಿಮೋಗ್ಲೋಬಿನ್ ಏಳಿದೆ, ಹತ್ತಕ್ಕೆ ತರಬೇಕು."

"ಹೂಂ," ಎಂದ ಮಗಳ ಅಪ್ಪ. ಅವನು ಯಾವುದಕ್ಕೂ ಅಷ್ಟೇ ಎನ್ನುವವನು. ಗದ್ದೆಯಲ್ಲಿ ಅವನಿಗೆ ಹೂಂಗುಟ್ಟಪ್ಪ ಎಂದು ಹೆಸರಿತ್ತು.

ತಾಯಿ ಮಾತ್ರ "ಬೇಡ" ಎಂದಳು. ಹೊರಗೆ ಬಂದು ಬಸ್ಸಿಗೆ ನಿಂತಾಗ ಇನ್ನೊಂದು ಸಲ ಎಂದಳು. ಮನೆಗೆ ಬಂದು ಒಲೆ ಹಚ್ಚುವಾಗ ಮತ್ತೊಂದು ಸಲ.

"ಹೊಟ್ಟೆ ನಂದು," ಎಂದಳು ಮಗಳು. "ಕಲ್ಲೂ ನಂದು. ನಿನ್ನ ಕೇಳಿ ಇಟ್ಕೊಂಡಿದ್ನಾ, ಕೇಳಿ ತೆಗೆಸೋಕೆ?"

ತಾಯಿ ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದಳು. ಅವಳ 'ಬೇಡ'ದ ಹಿಂದೆ ಏನಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ಮಗಳಿಗಿಂತ ಮೊದಲು ಒಬ್ಬ ಮಗನಿದ್ದ. ಅವನಿಗೆ ಒಂಬತ್ತು ವರ್ಷ, ಇವಳಿಗೆ ನಾಲ್ಕು. ಒಂದು ಚಳಿಗಾಲದಲ್ಲಿ ಹೊಟ್ಟೆನೋವೆಂದು ಅವನನ್ನು ಬೇರೊಂದು ಸಣ್ಣ ಆಸ್ಪತ್ರೆಗೆ ಸೇರಿಸಿದರು. ಕರುಳಿನ ತೊಂದರೆ, ಕೊಯ್ಯಬೇಕು ಎಂದರು. ಕೊಯ್ದರು. ಮೂರನೆಯ ದಿನ ಎದೆ ಕಟ್ಟಿಕೊಂಡು ಹೋದ. ಈ ಕಾಯಿಲೆಯ ಹೆಸರನ್ನು ಆ ಮನೆಯಲ್ಲಿ ಆಗಿನ್ನೂ ಯಾರೂ ಕೇಳಿರಲಿಲ್ಲ.

ಎಲ್ಲರಿಗೂ ಗೊತ್ತಿದ್ದದ್ದು ಇಷ್ಟು. ಇದರೊಳಗಿನ ಒಂದು ಸಂಗತಿ ಮಾತ್ರ ತಾಯಿಯೊಬ್ಬಳಿಗೇ ಗೊತ್ತಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಹತ್ತು ದಿನದಲ್ಲಿ ಮಗಳಿಗೆ ಇನ್ನೂ ಎರಡು ಸಲ ನೋವು ಬಂತು. ಎರಡನೆಯ ಸಲ ವಾಂತಿಯೂ ಆಯಿತು. ಆ ಸಂಜೆ ತಾಯಿ ಟ್ರಂಕು ಎಳೆದು ಕಂಬಳಿ, ಕಾಲುಚೀಲ, ಉಣ್ಣೆಯ ಟೋಪಿ ಎಲ್ಲ ಒಂದು ಚೀಲಕ್ಕೆ ತುಂಬಿದಳು.

"ಇದೇನು, ಹಿಮದ ಬೆಟ್ಟ ಹತ್ತೋಕೆ ಹೊರಟಿದೀವಾ?" ಎಂದಳು ಮಗಳು.

"ಆಪರೇಶನ್ ರೂಮು ತಣ್ಣಗಿರುತ್ತಂತೆ," ಎಂದಳು ತಾಯಿ. ಒಪ್ಪಿಗೆ ಎಂದರೆ ಅದೇ.

*

ಮೂರು ದಿನ ಮೊದಲೇ ಸೇರಿಸಿಕೊಂಡರು. ಹೆಂಗಸರ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ಕಿಟಕಿಯ ಪಕ್ಕದ್ದು ಮಗಳಿಗೆ ಸಿಕ್ಕಿತು. ಅದರ ಪಕ್ಕದಲ್ಲಿ ಹೊಟ್ಟೆಯ ಹರ್ನಿಯಾಕ್ಕೆ ಆಪರೇಶನ್ ಮಾಡಿಸಲು ಬಂದ ಒಬ್ಬ ಅಜ್ಜಿ. ಅಜ್ಜಿಗೆ ಕಟ್ಟುಹಲ್ಲು. ತಿನ್ನುವಾಗ ಮಾತ್ರ ಹಾಕಿಕೊಂಡು, ಮಾತಾಡುವಾಗ ತೆಗೆದಿಡುತ್ತಿದ್ದಳು. ದಿನದ ಬಹುಪಾಲು ಹಲ್ಲು ಡಬ್ಬಿಯಲ್ಲೇ ಇರುತ್ತಿತ್ತು.

ರಕ್ತ ಬೇಕೆಂದಾಗ ತಾಯಿ ತೋಳಿನ ಬಟ್ಟೆ ಮೇಲೆ ಸರಿಸಿ ಕೈ ಚಾಚಿದಳು. ಪರೀಕ್ಷೆಯವನು ಚೀಟಿ ನೋಡಿ ತಲೆಯಾಡಿಸಿದ. "ನಿಮ್ಮದು ಬೇಡಮ್ಮ. ಅದರಲ್ಲೂ ಅರ್ಧ ಇದೆ. ಅವರಪ್ಪನದ್ದೂ ಬೇಡ." ತಾಯಿ ಬಟ್ಟೆ ಕೆಳಗಿಳಿಸಿಕೊಂಡಳು. ಹೆತ್ತ ಹೊಟ್ಟೆಗೆ ಅದೊಂದು ಪೆಟ್ಟು. ಯಾರೋ ಕೊಟ್ಟ ಎರಡು ಚೀಲ ರಕ್ತ ಎರಡು ದಿನ ನಿಧಾನವಾಗಿ ಮಗಳೊಳಗೆ ಇಳಿಯಿತು. ತುಟಿಗೆ ಬಣ್ಣ ಬಂತು.

"ಯಾರದ್ದೋ ಏನೋ," ಎಂದಳು ತಾಯಿ ಚೀಲವನ್ನೇ ನೋಡುತ್ತ. "ಪುಣ್ಯಾತ್ಮರು."

"ಜಗಳಗಂಟರದ್ದು ಆಗದಿದ್ರೆ ಸಾಕು," ಎಂದಳು ಅಜ್ಜಿ ಬೊಚ್ಚುಬಾಯಲ್ಲಿ. "ಇವಳಲ್ಲಿ ಅದು ಮೊದಲೇ ಭರ್ತಿ ಇದೆ."

ಮೂರನೆಯ ದಿನ ಸಂಜೆ ಸಿಸ್ಟರ್ ಬಂದು ಮಂಚದ ತಲೆಗೆ ಒಂದು ರಟ್ಟು ತೂಗುಹಾಕಿದರು. "ನಾಳೆ ಎಂಟು ಗಂಟೆಗೆ ಮೊದಲನೇದೇ ಇವಳದ್ದು. ರಾತ್ರಿ ಹನ್ನೆರಡರ ಮೇಲೆ ಬಾಯಿಗೆ ಏನೂ ಇಲ್ಲ."

"ನೀರು?"

"ನೀರೂ ಇಲ್ಲ."

"ಸಿಸ್ಟರ್, ಇವಳಿಗೆ ನೀರು ತಪ್ಪಬಾರದು ಅಂತ..."

"ಗೊತ್ತಮ್ಮ. ಅದಕ್ಕೇ ಡ್ರಿಪ್ ಹಾಕಿರೋದು. ಬಾಯಿಂದ ಹೋದ್ರೂ ನರದಿಂದ ಹೋದ್ರೂ ನೀರು ನೀರೇ."

ಆ ಮಾತು ತಾಯಿಗೆ ಹಿಡಿಸಿತು. ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿ, ಬಾಟಲಿಯಿಂದ ಇಳಿಯುವ ಹನಿಯನ್ನೇ ನೋಡುತ್ತ ಮಲಗಿದಳು.

ಬೆಳಗ್ಗೆ ಆರಕ್ಕೆ ಕಣ್ಣುಬಿಟ್ಟಾಗ ಹನಿ ಬೀಳುತ್ತಿರಲಿಲ್ಲ. ಮಗಳ ಮುಂಗೈ ಊದಿತ್ತು. ಸೂಜಿ ನರದಿಂದ ಜಾರಿತ್ತು. ತಾಯಿ ಸಿಸ್ಟರನ್ನು ಹುಡುಕಿಕೊಂಡು ಹೋದಳು. ವಾರ್ಡಿನ ಆ ತುದಿಯಲ್ಲಿ ಹೊಸದಾಗಿ ಬಂದ ಒಬ್ಬಳಿಗೆ ರಕ್ತ ನಿಲ್ಲದೆ ಹೋಗುತ್ತಿತ್ತು. ಇಬ್ಬರು ಸಿಸ್ಟರುಗಳೂ ಅಲ್ಲೇ.

"ಬಂದೆ ಅಮ್ಮ, ಐದು ನಿಮಿಷ."

ಆರೂವರೆಗೆ ಮತ್ತೆ ಹೋದಳು. "ಬಂದೆ." ಏಳಕ್ಕೆ ಮತ್ತೆ ಹೋದಾಗ ರಾತ್ರಿಯವರು ಹೋಗಿ ಬೆಳಗಿನವರು ಬರುವ ಗಡಿಬಿಡಿ. ಹೋಗುವ ಇಬ್ಬರೂ, ಬರುವವರಿಗೆ ಇನ್ನೊಬ್ಬರು ಹೇಳಿರುತ್ತಾರೆಂದುಕೊಂಡು ಹೋದರು. ಬಂದವರು ಮೊದಲು ಆ ತುದಿಗೇ ಓಡಿದರು. ಗಂಡ ಕೆಳಗೆ ಚೀಟಿಯ ಸಾಲಿನಲ್ಲಿ ನಿಂತಿದ್ದ.

"ಅಮ್ಮ, ಬಾಯಿ ಒಣಗ್ತಿದೆ," ಎಂದಳು ಮಗಳು. ಆಮೇಲೆ, ಸ್ವಲ್ಪ ತಡೆದು, "ಮೊಣಕಾಲು ಗುಂಯ್ ಅಂತಿದೆ."

ಗುಂಯ್ ಎನ್ನುವುದು ಅವರಿಬ್ಬರ ನಡುವಿನ ಮಾತು. ನೋವಲ್ಲ, ನೋವು ಬರುವ ಮುಂಚಿನದು. ಅದು ಶುರುವಾದಾಗ ಎರಡು ಲೋಟ ನೀರು ಒಳಗೆ ಹೋದರೆ ಹತ್ತಕ್ಕೆ ಐದು ಸಲವಾದರೂ ತಿರುಗಿ ಹೋಗುತ್ತಿತ್ತು. ತಾಯಿ ರಟ್ಟನ್ನು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಅದರಲ್ಲಿ ಏನಿದೆಯೆಂದು ಗೊತ್ತಿತ್ತು. ಬಾಗಿಲ ಕಡೆ ನೋಡಿದಳು. ಚೀಲದಿಂದ ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸಿದಳು. ಗೋಡೆಯ ಗಡಿಯಾರದಲ್ಲಿ ಏಳೂವರೆ.

"ಬೇಡ ಅಂದಿದಾರಲ್ಲ."

"ಕುಡಿ."

"ಅಮ್ಮ, ಬೈತಾರೆ."

"ಬೈದ್ರೆ ನನ್ನ ಬೈಲಿ. ಕುಡಿ ಅಂದೆ."

ಬೇರೆ ಯಾರ ಮಾತಿಗಾದರೂ ತಿರುಗಿ ಚುಚ್ಚುವ ಹುಡುಗಿ, ಈ ದನಿಗೆ ಮಾತ್ರ ಚಿಕ್ಕಂದಿನಿಂದ ಬಾಯಿ ತೆರೆದು ಅಭ್ಯಾಸ. ಎರಡು ಲೋಟ ಕುಡಿದಳು. ಅಜ್ಜಿ ಗೋಡೆಯ ಕಡೆಗೆ ಮಗ್ಗುಲಾಗಿ, ತಾನೇನೂ ನೋಡಿಲ್ಲವೆಂಬಂತೆ ಗೊರಕೆ ಹೊಡೆದಳು.

*

ಎಂಟಕ್ಕೆ ಹತ್ತು ನಿಮಿಷವಿರುವಾಗ ಗಾಲಿಮಂಚ ಬಂತು. ಗಂಡನೂ ಮೇಲೆ ಬಂದ. ಕಂಬಳಿ ಅವನ ತೋಳಿನ ಮೇಲೆ. ಆಪರೇಶನ್ ರೂಮಿನ ಹೊರಬಾಗಿಲಲ್ಲಿ ಹಸಿರು ಟೋಪಿಯ ಡಾಕ್ಟರಮ್ಮ ಒಬ್ಬರು ಕಾಗದ ಹಿಡಿದು ನಿಂತಿದ್ದರು. ಅವರೇ ಅರಿವಳಿಕೆ ಕೊಡುವವರು. ವಾರ್ಡಿನಲ್ಲಿ ಎಲ್ಲರೂ ನಿದ್ದೆ ಡಾಕ್ಟರಮ್ಮ ಎನ್ನುತ್ತಿದ್ದರು.

"ಕೊನೇ ಊಟ ಯಾವಾಗ?"

"ನಿನ್ನೆ ರಾತ್ರಿ ಎಂಟಕ್ಕೆ," ಎಂದಳು ಮಗಳು.

"ಆಮೇಲೆ ಏನಾದ್ರೂ ಕುಡಿದ್ಯಾ?"

ಮಗಳು ತಾಯಿಯ ಕಡೆ ನೋಡಿದಳು. ತಾಯಿ ಕಣ್ಣಲ್ಲೇ ಬೇಡವೆಂದಳು.

ಡಾಕ್ಟರಮ್ಮ ತಲೆ ಎತ್ತಿದರು. ಗದರಲಿಲ್ಲ. "ಯಾಕೆ ಕೇಳ್ತೀವಿ ಗೊತ್ತಾ? ನಿದ್ದೆ ಬರಿಸಿದ ಮೇಲೆ ಹೊಟ್ಟೇಲಿರೋದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಎದೆ ಕೆಡುತ್ತೆ. ಬೇರೆಯವರು ತಡ್ಕೋತಾರೆ, ನಿನಗೆ ಎದೆ ಕೆಡಬಾರದು. ಅದಕ್ಕೇ."

ಎದೆ ಎಂಬ ಮಾತು ತಾಯಿಯ ಕಿವಿಗೆ ಬಿತ್ತು. ಅವಳಿಗೆ ಇಷ್ಟು ವರ್ಷ ಒಂದೇ ಕಡೆಯ ಭಯವಿತ್ತು, ನೀರು ಇಲ್ಲದಿರುವುದರ ಭಯ. ಕೊಟ್ಟ ನೀರಿನಿಂದಲೂ ಎದೆ ಕಟ್ಟಬಹುದೆಂದು ಯಾರೂ ಹೇಳಿರಲಿಲ್ಲ. ಗಾಲಿಮಂಚದ ಕಂಬಿ ಹಿಡಿದುಕೊಂಡಳು.

"ನಾನು ಕೊಟ್ಟೆ," ಎಂದಳು. "ಏಳೂವರೆಗೆ. ಎರಡು ಲೋಟ. ಬರೀ ನೀರು. ಅವಳು ಬೇಡ ಅಂದ್ಲು, ನಾನೇ ಕುಡಿಸಿದೆ."

ಒಳಗಿನಿಂದ ಕೈ ತೊಳೆದುಕೊಂಡು ಬಂದ ಸರ್ಜನ್ನಿಗೆ ವಿಷಯ ತಿಳಿಯಿತು. ಅವರ ಮುಖ ಬಿಗಿಯಾಯಿತು. "ಇವತ್ತು ಬಿಟ್ರೆ ಮತ್ತೆ ಎಂಟು ದಿನ ಜಾಗ ಇಲ್ಲ. ಅಷ್ಟರಲ್ಲಿ ಕಲ್ಲು ಜಾರಿದ್ರೆ? ಕೊಟ್ಟ ರಕ್ತಾನೂ ದಿನಾ ದಿನಾ ಇಳೀತಾ ಹೋಗುತ್ತೆ. ರಟ್ಟು ನೇತುಹಾಕೋದು ಅಲಂಕಾರಕ್ಕೇನಮ್ಮ?"

ತಾಯಿ ನೆಲ ನೋಡುತ್ತ ನಿಂತಳು. ಡಾಕ್ಟರಮ್ಮ ಮಗಳ ಊದಿದ ಮುಂಗೈ ಎತ್ತಿ ನೋಡಿದರು. ಬೆರಳಿನಿಂದ ಒತ್ತಿದರು.

"ಇದು ಯಾವಾಗ ನಿಂತಿದ್ದು?"

"ಆರಕ್ಕೆ ನೋಡಿದೆ. ಮೂರು ಸಲ ಹೇಳೋಕೆ ಹೋದೆ."

ಡಾಕ್ಟರಮ್ಮ ಸರ್ಜನ್ ಕಡೆ ತಿರುಗಿದರು. "ಬರೀ ನೀರು ತಾನೆ ಸರ್. ಎರಡು ಗಂಟೆ ಬಿಟ್ರೆ ಸಾಕು. ಆರು ಗಂಟೆವರೆಗೂ ಇವಳಿಗೆ ನೀರು ಕುಡಿಸಬಹುದಿತ್ತು. ಹನ್ನೆರಡು ಅನ್ನೋದು ಎಲ್ಲರಿಗೂ ಅಂತ ಬರೆಯೋ ಮಾತು. ಇವಳದ್ದನ್ನ ನಾನೇ ಬಂದು ಹೇಳಬೇಕಿತ್ತು, ಹೇಳಲಿಲ್ಲ. ಮುಂದಿನವರನ್ನ ಮೊದಲು ಮಾಡೋಣ."

ಮುಂದಿನವಳು ಅಜ್ಜಿ. ಅವಳ ದನಿ ವಾರ್ಡಿನಿಂದ ಇಲ್ಲಿಯವರೆಗೆ ಕೇಳಿಸಿತು. "ನಂದು ಮಧ್ಯಾಹ್ನ ಅಂದಿದ್ರಿ! ತಲೇನೂ ಬಾಚಿಲ್ಲ! ಒಳಗಿರೋ ಗಂಡಸರು ಏನಂತಾರೆ?"

ಗೋಡೆಯ ಪಕ್ಕ ಗಾಲಿಮಂಚ ನಿಲ್ಲಿಸಿ, ಡಾಕ್ಟರಮ್ಮ ತಾವೇ ಇನ್ನೊಂದು ಕೈಯಲ್ಲಿ ನರ ಹುಡುಕಿ ಡ್ರಿಪ್ ಹಚ್ಚಿದರು. ಬಿಸಿಯಾದ ಹೊದಿಕೆ ತರಿಸಿದರು. ಮಗಳು ತೋರಿಸಿದ ಮೊಣಕಾಲು ಮುಟ್ಟಿ ನೋಡಿದರು. ಅದು ಗುಂಯ್ ಎನ್ನುವುದು ನಿಂತಿತ್ತು. ಹಾಗೆಯೇ ಹನಿ ಸರಿಮಾಡುತ್ತ ಕೇಳಿದರು.

"ನಿಜ ಹೇಳಿದ್ದು ಒಳ್ಳೇದಾಯ್ತಮ್ಮ. ಆದರೆ ಹೆದರಿಕೆ ಇದ್ರೂ ಕೊಟ್ರಲ್ಲ, ಯಾಕೆ?"

ತಾಯಿ ಮಗಳ ಕಡೆ ನೋಡಿದಳು. ಬಿಸಿ ಹೊದಿಕೆಗೆ ಮಗಳಿಗೆ ಜೊಂಪು ಹತ್ತಿತ್ತು. ಗಂಡ ಹಿಂದೆ ಕಂಬಳಿ ಹಿಡಿದು ನಿಂತಿರುವುದು ಅವಳಿಗೆ ನೆನಪಾಗಲಿಲ್ಲ.

"ಮೊದಲು ಒಬ್ಬ ಮಗ ಇದ್ದ," ಎಂದಳು. "ಅವನಿಗೂ ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ ಅಂದ್ರು. ಬೆಳಗ್ಗೆ ಅಂದಿದ್ದು ಮಧ್ಯಾಹ್ನ ಆಯ್ತು, ಮಧ್ಯಾಹ್ನ ಅಂದಿದ್ದು ಸಂಜೆ ನಾಲ್ಕಾಯ್ತು. ಡ್ರಿಪ್ಪೂ ಇರ್ಲಿಲ್ಲ. ನೀರು ನೀರು ಅಂತ ಕೇಳ್ದ. ಕಿಟಕಿ ಮೇಲೆ ಲೋಟ ಇತ್ತು. ಒಂದೇ ಗುಟುಕು ಅಮ್ಮ ಅಂದ. ನಾನು ಕೊಡ್ಲಿಲ್ಲ. ಆಮೇಲೆ ಕೇಳೋದನ್ನೇ ಬಿಟ್ಟ."

ಡಾಕ್ಟರಮ್ಮನ ಕೈ ನಿಂತಿತು.

"ಕೊಟ್ಟಿದ್ರೆ ಉಳೀತಿದ್ನಾ?"

"ಗೊತ್ತಿಲ್ಲಮ್ಮ," ಎಂದರು ಡಾಕ್ಟರಮ್ಮ. "ಗೊತ್ತಿದ್ರೆ ಹೇಳ್ತಿದ್ದೆ. ಅಷ್ಟು ಹೊತ್ತು ಒಣಗಿಸಿದ್ದು ತಪ್ಪು. ಆ ತಪ್ಪು ಕಾಯಿಲೆ ಗೊತ್ತಿಲ್ಲದೇ ಕೊಯ್ದವರದ್ದು. ಒಂದು ಗುಟುಕಿನಿಂದ ಏನಾಗ್ತಿತ್ತು ಅಂತ ಯಾರೂ ಹೇಳೋಕಾಗಲ್ಲ."

ತಾಯಿ ತಲೆಯಾಡಿಸಿದಳು. ಸಮಾಧಾನಕ್ಕೆಂದು ಸುಳ್ಳು ಹೇಳದಿದ್ದದ್ದು ಅವಳಿಗೆ ಒಂದು ಬಗೆಯಲ್ಲಿ ಹಿತವೆನಿಸಿತು. ಹಿಂದೆ ತಿರುಗಿದಾಗ ಗಂಡ ಕಂಡ. ಅವನು ಕಂಬಳಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಹೂಂ ಎನ್ನಲಿಲ್ಲ.

*

ಹತ್ತು ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಹನ್ನೆರಡೂ ಕಾಲಿಗೆ ಸರ್ಜನ್ ಹೊರಗೆ ಬಂದರು. ಮುಖದ ಬಿಗಿ ಸಡಿಲಾಗಿತ್ತು. "ಆಯ್ತು. ಚೆನ್ನಾಗಾಯ್ತು. ಇನ್ನು ಎದೆ ಜೋಪಾನ, ಅಷ್ಟೇ." ಸಿಸ್ಟರ್ ಒಂದು ಸಣ್ಣ ಸೀಸೆಯಲ್ಲಿ ಕಲ್ಲು ತಂದು ತೋರಿಸಿದರು. ಕಡುಗಪ್ಪು, ಮೆಣಸಿನಷ್ಟು ಕೆಲವು, ಸಾಸಿವೆಯಷ್ಟು ಹಲವು. ಅಪ್ಪ ಸೀಸೆಯನ್ನು ಬೆಳಕಿಗೆ ಹಿಡಿದು, ಉಪ್ಪಿನ ಕಾಳು ನೋಡುವ ಹಾಗೆ ತಿರುಗಿಸಿ ನೋಡಿದ. ಬೆಳಗಿನಿಂದ ಅವನ ಬಾಯಿಂದ ಬಂದ ಮೊದಲ ಮಾತು ಅದು. "ಕಾಳು ಒಂದೇ ಸಮ ಇಲ್ಲ."

"ನಿಮ್ಮ ಗದ್ದೇದಲ್ಲ ಬಿಡಿ," ಎಂದಳು ತಾಯಿ. ನಗು ಬಂತು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗಳಿಗೆ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಕೊಳವೆ ಬಾಯಿಗಿಟ್ಟು ಉಸಿರು ಒಳಗೆಳೆದರೆ ಚೆಂಡು ಮೇಲೇಳಬೇಕು. ಗಂಟೆಗೆ ಹತ್ತು ಸಲ. ಹಾಗೆ ಎದೆ ತೆರೆದಿಟ್ಟರೆ ಕಟ್ಟಿಕೊಳ್ಳುವುದಿಲ್ಲ. ಮೊದಲ ದಿನ ಒಂದು ಚೆಂಡು ಅಲ್ಲಾಡಿತು. ಎರಡನೆಯ ದಿನ ಬೆಳಗ್ಗೆ ತೊಡೆಯಲ್ಲಿ ಅವರ ಮನೆಯ ನೋವೇ ಬಂತು. ಬಂದ ಕೂಡಲೇ ತಾಯಿ ಹೋಗಿ ಹೇಳಿದಳು. ಈ ಸಲ ಸಿಸ್ಟರ್ ಅವಳ ಹಿಂದೆಯೇ ಓಡಿ ಬಂದರು. ಮಧ್ಯಾಹ್ನಕ್ಕೆ ನೋವು ಇಳಿಯಿತು. ಸಂಜೆ ಎರಡು ಚೆಂಡು ಮೇಲೇರಿದವು.

"ಎಳಿ, ಎಳಿ," ಎಂದು ಅಜ್ಜಿ ಪಕ್ಕದಿಂದ ಹುರಿದುಂಬಿಸಿದಳು. "ನಿನ್ನ ಪಾಳಿಗೆ ನಾನು ಹೋಗಿ ಹೊಟ್ಟೆ ಕೊಯ್ಸಿಕೊಂಡೆ. ನೆನಪಿರಲಿ."

"ಕೊಯ್ದಿದ್ದು ಹೊಟ್ಟೆ ಅಜ್ಜಿ. ನಾಲಿಗೆ ಉಳಿಸಿದಾರಲ್ಲ, ಪಾಪ, ನಮಗೋಸ್ಕರ."

"ನೋಡಿದ್ರಾ! ಚೆಂಡು ಏರದಿದ್ರೂ ಬಾಯಿ ಏರುತ್ತೆ ಇದಕ್ಕೆ."

ಮೂರನೆಯ ದಿನ ತಾಯಿ ಮಾತು ಕಡಿಮೆ ಮಾಡಿದಳು. ಮಗಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತಳು. ಬೆಳಗ್ಗೆ ಜ್ವರ ನೋಡಿದರು, ಇರಲಿಲ್ಲ. ಮಧ್ಯಾಹ್ನ ರಕ್ತದ ಡಾಕ್ಟರು ಬಂದು ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ಎದೆ ಸ್ವಚ್ಛ ಇದೆ. ನಾಳಿದ್ದು ಮನೆಗೆ," ಎಂದರು. ಸಂಜೆ ನಾಲ್ಕಾಯಿತು. ಐದಾಯಿತು. ಮಗಳು ಮೂರೂ ಚೆಂಡು ಎಬ್ಬಿಸಿ, ದಣಿದು, ಬಾಯಿ ತೆರೆದು ನಿದ್ದೆ ಹೋದಳು.

ತಾಯಿ ಹೊರಗಿನ ಪಡಸಾಲೆಗೆ ಬಂದಳು. ಬೆಂಚಿನ ಮೇಲೆ ಗಂಡನಿದ್ದ. ಅವಳು ಪಕ್ಕದಲ್ಲಿ ಕೂತಳು. ಎದುರಿನ ಕಿಟಕಿಯಾಚೆ ಆಸ್ಪತ್ರೆಯ ಅಂಗಳದಲ್ಲಿ ಯಾರೋ ಒಗೆದ ಹಾಸಿಗೆ ಬಟ್ಟೆಗಳನ್ನು ಹಗ್ಗದಿಂದ ತೆಗೆದು ಮಡಚುತ್ತಿದ್ದರು.

"ಅವನು ನೀರು ಕೇಳಿದ್ದು ನನಗೆ ಹೇಳಿರ್ಲಿಲ್ಲ ನೀನು," ಎಂದ ಗಂಡ.

"ಹೇಳಿ ಏನು ಮಾಡ್ಬೇಕಿತ್ತು?"

ಅವನು ಅಂಗೈ ನೋಡಿಕೊಂಡ. ಉಪ್ಪು ತಿಂದು ಬಿರಿದ ಅಂಗೈ. "ಅವತ್ತು ನಿಮ್ಮಿಬ್ಬರನ್ನ ಅಲ್ಲಿ ಬಿಟ್ಟು ಗದ್ದೆಗೆ ಹೊರಟಾಗ ನಾನೇ ಹೇಳಿದ್ದೆ. ಇಲ್ಲಿ ನಿನ್ನ ಬಾಯಿ ಮಾಡ್ಬೇಡ, ಅವರು ಹೇಳಿದ ಹಾಗೆ ಕೇಳು ಅಂತ. ಜೋರಾಗೇ ಹೇಳಿದ್ದೆ, ಜನರೆದುರಿಗೆ."

ತಾಯಿ ಕಿಟಕಿಯಾಚೆ ಮಡಚುತ್ತಿದ್ದ ಬಟ್ಟೆಗಳನ್ನು ನೋಡಿದಳು.

"ಅದಕ್ಕೇ ನೀನು ಕೊಡ್ಲಿಲ್ಲ. ಅಲ್ವಾ?"

ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅವಳು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಮೂರು ದಿನದಿಂದ ಇವನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಇದು. ಅವನು ಹೇಳಿದ್ದು ನಿಜ. ಆ ದಿನ ಕಿಟಕಿಯ ಲೋಟಕ್ಕೆ ಅವಳು ಕೈ ಚಾಚಿದ್ದಳು. ಲೋಟ ಬೆರಳಿಗೆ ತಾಗಿತ್ತು. ಆಗ ಇವನ ಮಾತು ನೆನಪಾಗಿ, ಬಾಗಿಲಲ್ಲಿ ಯಾರಾದರೂ ನೋಡುತ್ತಿದ್ದಾರೋ ಎಂದು ತಿರುಗಿ, ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು. ಇಪ್ಪತ್ತು ವರ್ಷ ಅವಳು ಆ ಕೈಯನ್ನಷ್ಟೇ ಬೈದುಕೊಂಡಿದ್ದಳಲ್ಲದೆ ಆ ಮಾತನ್ನು ಬೈದಿರಲಿಲ್ಲ.

"ಇಲ್ಲ," ಎಂದಳು. "ನೀವು ಹೇಳಿದ್ದು ನನಗೆ ನೆನಪೂ ಇರ್ಲಿಲ್ಲ. ಆ ಸಿಸ್ಟರಿಗೆ ಹೆದರ್ಕೊಂಡೆ, ಅಷ್ಟೇ."

"ನಿಜ?"

"ನಿಮ್ಮ ಮಾತು ನಾನು ಯಾವತ್ತು ಕೇಳಿದೀನಿ, ಅವತ್ತು ಕೇಳೋಕೆ?"

ಅವನು ಅವಳನ್ನು ನೋಡಿದ. ನಂಬಿದನೋ ಇಲ್ಲವೋ, ಭುಜ ಸ್ವಲ್ಪ ಕೆಳಗಿಳಿಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಗಂಡನ ಪಾಲಿನ ತಪ್ಪು ಅಲ್ಲಿಗೆ ತೀರಿತೆಂದು ಅವಳು ಅಂದುಕೊಂಡಳು. ಅಷ್ಟು ಅವಳ ಕೈಯಲ್ಲಿತ್ತು. ತನ್ನದನ್ನು ತೀರಿತೆಂದು ಹೇಳಬೇಕಾದವನು ಒಂಬತ್ತು ವರ್ಷದವನು, ಅವನು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಏಳೂವರೆಯ ಎರಡು ಲೋಟ ಮಗಳಿಗೆ ಕೊಟ್ಟದ್ದು. ಅದನ್ನು ಮಗನಿಗೆ ಕೊಡದ ಗುಟುಕಿನ ಲೆಕ್ಕಕ್ಕೆ ಹಾಕಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

ಒಳಗಿನಿಂದ ಸಿಸ್ಟರ್ ಕರೆದರು. ಮಗಳನ್ನು ಸಂಜೆಯ ಹೊತ್ತು ನಾಲ್ಕು ಹೆಜ್ಜೆ ನಡೆಸಬೇಕಿತ್ತು. ತಾಯಿ ಮೊಣಕಾಲಿಗೆ ಕೈಯೂರಿ ಎದ್ದು, ನಡೆಸುವುದಕ್ಕೆ ಒಳಗೆ ಹೋದಳು.